ಸೌಂಡು ಎತ್ತ ಬಾಗುತ್ತದೆ: ಮೈಕ್ ಸೆಟ್ ಕೆಲಸಕ್ಕೆ ಸಮುದ್ರದ ಆಳ ಕಲಿಸಿದ್ದು

ತುಮಕೂರಿನಲ್ಲಿ ನಮ್ಮದು ಮೈಕ್ ಸೆಟ್ ಕೆಲಸ. ಮದುವೆ, ಜಾತ್ರೆ, ಶಾಲೆ ವಾರ್ಷಿಕೋತ್ಸವ, ಆರ್ಕೆಸ್ಟ್ರಾ ಎಲ್ಲಾ ಮಾಡುತ್ತೇವೆ. ನನಗೆ ಅಚ್ಚುಮೆಚ್ಚು ಅಂದರೆ ಪೌರಾಣಿಕ ನಾಟಕ. ಗುಬ್ಬಿ, ತುರುವೇಕೆರೆ, ಕುಣಿಗಲ್ ಕಡೆ ಹಳ್ಳಿ ಹಳ್ಳಿಯಲ್ಲೂ ಕೃಷ್ಣನ ಪಾತ್ರ ಕಟ್ಟುವವರು, ದುರ್ಯೋಧನನ ಪಾತ್ರಕ್ಕೆ ದುಡ್ಡು ಕೂಡಿಡುವವರು ಸಿಗುತ್ತಾರೆ. ಮೊದಲೆಲ್ಲ ರಾತ್ರಿ ಶುರುವಾದರೆ ಬೆಳಗಿನ ಜಾವಕ್ಕೆ ಮುಗಿಯುತ್ತಿತ್ತು. ಈಗ ರಾತ್ರಿ 10 ಗಂಟೆಯಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಎಂಬ ನಿಯಮ ಇದೆ. ಹಾಗಾಗಿ ಬಹಳ ಕಡೆ ಬೆಳಗ್ಗೆಯೇ ಪರದೆ ಎತ್ತಿ ರಾತ್ರಿ ಹತ್ತರೊಳಗೆ ಮಂಗಳ ಹಾಡುತ್ತಾರೆ. ಇದರಿಂದ ನಮ್ಮಂಥವರಿಗೆ ಒಂದು ಅನುಕೂಲ ಆಯಿತು. ಅದೇ ಜಾಗ, ಅದೇ ಸೆಟ್ಟು, ಅದೇ ಹಾರ್ಮೋನಿಯಂ ಮೇಷ್ಟ್ರು. ಸುಡು ಬಿಸಿಲಿನಿಂದ ರಾತ್ರಿ ಚಳಿಯವರೆಗೆ ಸೌಂಡು ಹೇಗೆ ಬದಲಾಗುತ್ತದೆ ಅಂತ ಒಂದೇ ದಿನದಲ್ಲಿ ಕೇಳಬಹುದು.

ಬದಲಾಗುವುದಂತೂ ಖಂಡಿತ. ಮಧ್ಯಾಹ್ನ ಎರಡು ಗಂಟೆಗೆ ಮೈದಾನದ ತುದಿಯ ಟೀ ಅಂಗಡಿಯವರು "ಇಲ್ಲಿಗೆ ಏನೂ ಕೇಳ್ತಿಲ್ಲಣ್ಣ, ಸ್ವಲ್ಪ ಜೋರಾಗಿ ಕೊಡಿ" ಅನ್ನುತ್ತಾರೆ. ಸಂಜೆ ಏಳಾಗಲಿ, ಮಿಕ್ಸರಿನ ಫೇಡರ್ (ಸೌಂಡು ಏರಿಸಿ ಇಳಿಸುವ ಗುಂಡಿ) ಮುಟ್ಟದೇ ಇದ್ದರೂ ಸೌಂಡು ಕೆರೆ ದಾಟಿ ಆಚೆ ಊರು ಸೇರಿರುತ್ತದೆ. ಅಲ್ಲಿಂದ ಕಮಿಟಿಯವರಿಗೆ ಫೋನು ಬರುತ್ತದೆ. ಮಕ್ಕಳಿಗೆ ಪರೀಕ್ಷೆ, ಮನೆಯಲ್ಲಿ ಹುಷಾರಿಲ್ಲದವರು, ಅವರ ಕಷ್ಟ ಅವರದು. "ಹಗಲು ಗಲಾಟೆ, ರಾತ್ರಿ ಎಲ್ಲಾ ಸುಮ್ನಿರುತ್ತೆ, ಅದಕ್ಕೇ ಜೋರಾಗಿ ಕೇಳುತ್ತೆ" ಎನ್ನುವುದು ಎಲ್ಲರೂ ಕೊಡುವ ಕಾರಣ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಕೆರೆ ಆಚೆ ಮೀಟರ್ ಹಿಡಿದು ನೋಡಿದರೆ ರಾತ್ರಿ ಅಲ್ಲಿಗೆ ಬರುವ ಸೌಂಡೇ ಜಾಸ್ತಿ ಇರುತ್ತದೆ.

ದೂರಕ್ಕೆ ಸೌಂಡು ಹೋಗುವುದು ಬಿಡುವುದು ನಮ್ಮ ಆಂಪ್ಲಿಫೈಯರ್ ವ್ಯಾಟಿನ ಮೇಲೆ ಅಷ್ಟಾಗಿ ನಿಂತಿಲ್ಲ. ಮಧ್ಯದಲ್ಲಿ ಇರುವ ಗಾಳಿ ಸೌಂಡನ್ನು ಎತ್ತ ಬಾಗಿಸುತ್ತದೆ ಎನ್ನುವುದರ ಮೇಲೆ ನಿಂತಿದೆ. ಇದು ನನಗೆ ಮನದಟ್ಟಾದದ್ದು ಯಾವ ಆಡಿಯೋ ಕಂಪನಿಯ ತರಬೇತಿಯಲ್ಲೂ ಅಲ್ಲ. ಸಮುದ್ರದ ಆಳದಲ್ಲಿ ಸದ್ದು ಸಾವಿರಾರು ಕಿಲೋಮೀಟರ್ ಹೇಗೆ ಹೋಗುತ್ತದೆ ಅಂತ ತಿಳಿದುಕೊಂಡಾಗ.

ಕಡಲಿಗೂ ತುಮಕೂರಿಗೂ ಎಲ್ಲಿಯ ನಂಟು ಅಂತ ಕೇಳಬಹುದು. ನಂಟು ನಮ್ಮ ಸೋದರಮಾವನಿಂದ ಬಂತು. ಅವರು ನೌಕಾಪಡೆಯಲ್ಲಿ ಸೋನಾರ್ ಕೆಲಸ ಮಾಡಿ ನಿವೃತ್ತರಾದವರು. ಸೋನಾರ್ ಅಂದರೆ ನೀರೊಳಗೆ ಸದ್ದು ಬಿಟ್ಟು, ವಾಪಸ್ ಬರುವ ಪ್ರತಿಧ್ವನಿ ಕೇಳಿ ಸಬ್‌ಮರೀನ್ ಹುಡುಕುವ ಉಪಕರಣ. ಹೆಡ್‌ಫೋನ್ ಹಾಕಿಕೊಂಡು ನೀರೊಳಗಿನ ಸದ್ದು ಕೇಳುವುದೇ ಅವರ ನೌಕರಿ. ಊರಿಗೆ ಬಂದಮೇಲೆ ನನ್ನ ಜೊತೆ ಕಾರ್ಯಕ್ರಮಗಳಿಗೆ ಬಂದು ಮಿಕ್ಸರ್ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ತುರುವೇಕೆರೆ ಹತ್ತಿರ ಒಂದು ನಾಟಕದಲ್ಲಿ ಮಧ್ಯಾಹ್ನ ನಾನು ಫೇಡರ್ ಮೇಲಕ್ಕೆ ತಳ್ಳುವುದನ್ನು ನೋಡಿ ಕೈ ಹಿಡಿದರು.

"ಎಷ್ಟು ಕೊಟ್ರೂ ಅಲ್ಲಿಗೆ ಹೋಗಲ್ಲ ಕಣಪ್ಪಾ. ಸೌಂಡು ಅವರ ತಲೆ ಮೇಲೆ ಹೋಗ್ತಿದೆ."

"ಮೇಲೆ ಯಾಕ್ ಹೋಗುತ್ತೆ ಮಾವ? ಸ್ಪೀಕರ್ ನೆಟ್ಟಗೇ ಇದೆಯಲ್ಲ?"

ಅವರು ಟೇಬಲ್ ಮೇಲಿದ್ದ ನಾಟಕದ ಕರಪತ್ರ ತೆಗೆದುಕೊಂಡರು. ಮುಂದೆ ಪಾತ್ರಧಾರಿಗಳ ಫೋಟೋ, ಹಿಂದೆ ಖಾಲಿ. ಅದರ ಹಿಂಬದಿಯಲ್ಲಿ ಬಾಲ್‌ಪೆನ್ನಿನಿಂದ ಎರಡು ಗೆರೆ ಎಳೆದರು. ಒಂದು ನಮ್ಮ ಮೈದಾನದ ಗಾಳಿ, ಇನ್ನೊಂದು ಸಮುದ್ರ. ಕೆಳಗಿನಿಂದ ಮೇಲಕ್ಕೆ ಹೋದಂತೆ ಸದ್ದಿನ ವೇಗ ಎಷ್ಟಿರುತ್ತದೆ ಅಂತ ತೋರಿಸುವ ಗೆರೆಗಳು. ಆ ಕರಪತ್ರ ಈಗಲೂ ನಮ್ಮ ಮಿಕ್ಸರ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಕೊಂಡಿದ್ದೇನೆ.

ವಿಷಯ ಇಷ್ಟೇ. ಸದ್ದು ಎಲ್ಲಾ ಕಡೆ ಒಂದೇ ವೇಗದಲ್ಲಿ ಹೋಗುವುದಿಲ್ಲ. ಬಿಸಿ ಗಾಳಿಯಲ್ಲಿ ಬೇಗ ಹೋಗುತ್ತದೆ, ತಣ್ಣನೆಯ ಗಾಳಿಯಲ್ಲಿ ನಿಧಾನ. ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸೆಕೆಂಡಿಗೆ ಸುಮಾರು 0.6 ಮೀಟರ್ ವ್ಯತ್ಯಾಸ. ಜೋಡಿ ಎತ್ತಿನ ಗಾಡಿಯಲ್ಲಿ ಎಡಗಡೆ ಎತ್ತು ಕಾಲೆಳೆದರೆ ಗಾಡಿ ಎಡಕ್ಕೇ ತಿರುಗುತ್ತದೆ ಅಲ್ವಾ, ಸದ್ದಿನ ಅಲೆಯೂ ಹಾಗೆ. ಯಾವ ಕಡೆ ವೇಗ ಕಮ್ಮಿಯೋ ಆ ಕಡೆಗೆ ಬಾಗುತ್ತದೆ. ಮಧ್ಯಾಹ್ನ ನೆಲ ಕಾದಿರುತ್ತದೆ. ನೆಲಕ್ಕೆ ಹತ್ತಿರದ ಗಾಳಿ ಬಿಸಿ, ಮೇಲಿನದು ತಂಪು. ಹಾಗಾಗಿ ಸೌಂಡು ಮೇಲಕ್ಕೆ ಬಾಗಿ ಹೋಗುತ್ತದೆ. ದೂರದಲ್ಲಿ ನಿಂತವನಿಗೆ ಸದ್ದಿನ ನೆರಳು. ಸಂಜೆ ಸೂರ್ಯ ಇಳಿದ ಮೇಲೆ ಆಕಾಶ ತಿಳಿಯಾಗಿದ್ದು ಗಾಳಿ ನಿಂತಿದ್ದರೆ, ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ತಂಪು, ಮೇಲೆ ಬೆಚ್ಚಗೆ. ಆಗ ಮೇಲಕ್ಕೆ ಹೊರಟ ಸೌಂಡು ಕೂಡ ಬಾಗಿ ನೆಲಕ್ಕೆ ವಾಪಸ್ ಬರುತ್ತದೆ. ಮಧ್ಯೆ ಇರುವ ತೆಂಗಿನ ತೋಟ, ಗೋಡೆ, ಮನೆಗಳ ಮೇಲಿಂದ ಹಾರಿ ಆಚೆ ಊರಲ್ಲಿ ಇಳಿಯುತ್ತದೆ.

ಗಾಳಿ ಬೀಸುವ ದಿಕ್ಕೂ ಇದೇ ಕೆಲಸ ಮಾಡುತ್ತದೆ. ಅದು ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ನಾನು ಹಿಡಿದು ಕೂತಿದ್ದು ಮಾವನ ಎರಡನೇ ಗೆರೆಯನ್ನು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಜಾಸ್ತಿ ವೇಗ, ಸೆಕೆಂಡಿಗೆ ಸುಮಾರು 1500 ಮೀಟರ್. ಇದನ್ನು ಮೊದಲು ಚೆನ್ನಾಗಿ ಅಳೆದವರು ಕೊಲಾಡನ್ ಮತ್ತು ಸ್ಟರ್ಮ್, 1826ರಲ್ಲಿ, ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದಲ್ಲಿ. ಒಂದು ದೋಣಿಯಿಂದ ನೀರೊಳಗೆ ಗಂಟೆ ಇಳಿಬಿಟ್ಟು ಬಾರಿಸುವುದು, ಅದೇ ಕ್ಷಣಕ್ಕೆ ಮೇಲೆ ಮದ್ದಿನ ಪುಡಿ ಹೊತ್ತಿಸಿ ಬೆಳಕು ತೋರಿಸುವುದು. ಹದಿಮೂರು ಕಿಲೋಮೀಟರಿಗೂ ಆಚೆ ಇನ್ನೊಂದು ದೋಣಿಯಲ್ಲಿ ಕೂತವರು ಉದ್ದನೆಯ ತುತ್ತೂರಿಯ ಬಾಯನ್ನು ನೀರೊಳಗೆ ಮುಳುಗಿಸಿ ಕಿವಿಗೊಟ್ಟು ಕೇಳುವುದು. 8 ಡಿಗ್ರಿ ನೀರಿನಲ್ಲಿ ಸೆಕೆಂಡಿಗೆ 1435 ಮೀಟರ್ ಅಂತ ಬಂತು. ಈಗಿನ ಉಪಕರಣಗಳು ಕೊಡುವ ಲೆಕ್ಕಕ್ಕೆ ಬಹಳ ಹತ್ತಿರ. ಮೈಕೂ ಇಲ್ಲದ, ಆಂಪ್ಲಿಫೈಯರೂ ಇಲ್ಲದ ಕಾಲದಲ್ಲಿ ಇಷ್ಟು ಕರಾರುವಾಕ್ಕಾಗಿ ಅಳೆದವರ ಬಗ್ಗೆ ನನಗೆ ಬಹಳ ಗೌರವ.

ಆದರೆ ನಮ್ಮ ಕೆಲಸಕ್ಕೆ ತೀರಾ ಹತ್ತಿರದ ಕಥೆ 1930ರ ದಶಕದ್ದು. ಅಮೆರಿಕದ ನೌಕಾಪಡೆಯಲ್ಲಿ ಹೊಸದಾಗಿ ಸೋನಾರ್ ಬಂದಿತ್ತು. ಬೆಳಗ್ಗೆ ಚೆನ್ನಾಗಿ ಕೆಲಸ ಮಾಡುತ್ತಿತ್ತು, ಮಧ್ಯಾಹ್ನ ಆಗುತ್ತಿದ್ದಂತೆ ಮಂಕಾಗುತ್ತಿತ್ತು. ಸಬ್‌ಮರೀನ್ ಹತ್ತಿರದಲ್ಲೇ ಇದ್ದರೂ ಸಿಗುತ್ತಿರಲಿಲ್ಲ. ಊಟ ಮಾಡಿ ಬಂದ ಸಿಬ್ಬಂದಿ ತೂಕಡಿಸುತ್ತಾರೆ ಅಂತ ಅಧಿಕಾರಿಗಳಿಗೆ ಅನುಮಾನ ಇತ್ತಂತೆ. ವುಡ್ಸ್ ಹೋಲ್ ಸಾಗರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ನೀರಿನ ಉಷ್ಣತೆ ಅಳೆದು ನೋಡಿದಾಗ ಕಾರಣ ಸಿಕ್ಕಿತು. ಬಿಸಿಲಿಗೆ ಸಮುದ್ರದ ಮೇಲ್ಪದರ ಒಂದೆರಡು ಡಿಗ್ರಿ ಕಾಯುತ್ತದೆ. ಅಲ್ಲಿ ಸದ್ದಿನ ವೇಗ ಜಾಸ್ತಿ. ಕೆಳಗೆ ತಂಪು, ವೇಗ ಕಮ್ಮಿ. ಸೋನಾರಿನ ಸದ್ದು ಮುಂದಕ್ಕೆ ಹೋಗುವ ಬದಲು ಕೆಳಗೆ ಬಾಗಿ ಆಳಕ್ಕೆ ಹೋಗಿಬಿಡುತ್ತಿತ್ತು. ಇದಕ್ಕೆ 'ಮಧ್ಯಾಹ್ನದ ಪರಿಣಾಮ' ಅಂತಲೇ ಹೆಸರು ಬಂತು.

ನಮ್ಮ ಮೈದಾನದಲ್ಲಿ ಮಧ್ಯಾಹ್ನ ಸೌಂಡು ಮೇಲಕ್ಕೆ, ಸಮುದ್ರದಲ್ಲಿ ಮಧ್ಯಾಹ್ನ ಕೆಳಕ್ಕೆ. ನೆಲ ಕೆಳಗಿನಿಂದ ಕಾಯಿಸುತ್ತದೆ, ಸೂರ್ಯ ಸಮುದ್ರವನ್ನು ಮೇಲಿನಿಂದ ಕಾಯಿಸುತ್ತಾನೆ. ನಿಯಮ ಮಾತ್ರ ಒಂದೇ. ಇದು ತಲೆಗೆ ಹತ್ತಿದ ಮೇಲೆ ಟೀ ಅಂಗಡಿಯವರ ದೂರು ನನಗೆ ಬೇರೆಯೇ ರೀತಿ ಕೇಳಿಸತೊಡಗಿತು.

ಆಮೇಲೆ ನೌಕಾಪಡೆಯವರು ಏನು ಮಾಡಿದರು ಗೊತ್ತಾ? ಸೋನಾರಿಗೆ ಸುಮ್ನೆ ಪವರ್ ಜಾಸ್ತಿ ಮಾಡಲಿಲ್ಲ. ನೀರನ್ನು ಓದುವ ಉಪಕರಣ ಮಾಡಿಸಿದರು. ಆಥೆಲ್‌ಸ್ಟನ್ ಸ್ಪಿಲ್‌ಹೌಸ್ ಎಂಬ ವಿಜ್ಞಾನಿ ರೂಪಿಸಿದ ಬ್ಯಾತಿಥರ್ಮೋಗ್ರಾಫ್ ಅದು. ಹಡಗಿನಿಂದ ಇಳಿಬಿಟ್ಟರೆ ಯಾವ ಆಳದಲ್ಲಿ ಎಷ್ಟು ಉಷ್ಣತೆ ಅಂತ ಗೆರೆ ಕೊರೆದು ತರುತ್ತಿತ್ತು. ಆ ಗೆರೆ ನೋಡಿ ಇವತ್ತು ಸದ್ದು ಎಲ್ಲಿವರೆಗೆ ಹೋಗುತ್ತದೆ, ಎಲ್ಲಿ ನೆರಳು ಬೀಳುತ್ತದೆ ಅಂತ ಮೊದಲೇ ಹೇಳಬಹುದಿತ್ತು. ಸಬ್‌ಮರೀನ್‌ನವರೂ ಅದನ್ನೇ ಇಟ್ಟುಕೊಂಡು ಎಲ್ಲಿ ಅಡಗಬೇಕು ಅಂತ ಲೆಕ್ಕ ಹಾಕುತ್ತಿದ್ದರು. "ಕೇಳೋದು ಆಮೇಲೆ, ಮೊದಲು ನೀರು ಹೇಗಿದೆ ನೋಡ್ಬೇಕು. ನಮಗೆ ಕಲಿಸಿದ್ದೇ ಅದು" ಅನ್ನುತ್ತಾರೆ ಮಾವ.

ಇನ್ನೂ ಆಳಕ್ಕೆ ಹೋದರೆ ವಿಷಯ ಇನ್ನೂ ಚೆನ್ನಾಗಿದೆ. ಬೆಚ್ಚಗಿನ ಸಮುದ್ರದ ಮೇಲ್ಭಾಗದಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಕೆಳಗೆ ಇಳಿದಂತೆ ನೀರು ತಣ್ಣಗಾಗುತ್ತದೆ, ವೇಗ ಇಳಿಯುತ್ತಾ 1480-1490ರ ಆಸುಪಾಸಿಗೆ ಬರುತ್ತದೆ. ಅಲ್ಲಿಂದ ಕೆಳಗೆ ಉಷ್ಣತೆ ಹೆಚ್ಚೇನೂ ಬದಲಾಗುವುದಿಲ್ಲ. ಆದರೆ ನೀರಿನ ಒತ್ತಡ ಏರುತ್ತಲೇ ಇರುತ್ತದೆ. ಒತ್ತಡ ಹೆಚ್ಚಾದಂತೆ ಸದ್ದಿನ ವೇಗವೂ ಹೆಚ್ಚು, ಪ್ರತಿ 1000 ಮೀಟರ್ ಆಳಕ್ಕೆ ಸೆಕೆಂಡಿಗೆ ಸುಮಾರು 17 ಮೀಟರ್. ಹೀಗೆ 5000 ಮೀಟರ್ ಆಳಕ್ಕೆ ಬರುವಷ್ಟರಲ್ಲಿ ವೇಗ ಮತ್ತೆ 1540ರ ಹತ್ತಿರ. ಮೇಲೆಯೂ ಜಾಸ್ತಿ, ಕೆಳಗೆಯೂ ಜಾಸ್ತಿ, ನಡುವೆ ಕಮ್ಮಿ. ಆ ನಡುವಿನ ಪದರದಲ್ಲಿ ಹುಟ್ಟಿದ ಸದ್ದು ಮೇಲಕ್ಕೆ ಹೊರಟರೆ ಕೆಳಕ್ಕೆ ಬಾಗುತ್ತದೆ, ಕೆಳಕ್ಕೆ ಹೊರಟರೆ ಮೇಲಕ್ಕೆ ಬಾಗುತ್ತದೆ. ಮೇಲ್ಮೈಯ ತೆರೆಗಳಿಗೆ ತಾಗಿ ಚದುರುವುದಿಲ್ಲ, ತಳದ ಕೆಸರಿಗೆ ಬಡಿದು ಸಾಯುವುದಿಲ್ಲ. ನಡುವೆಯೇ ಏರುತ್ತಾ ಇಳಿಯುತ್ತಾ ಹೋಗುತ್ತಲೇ ಇರುತ್ತದೆ. ಇದಕ್ಕೆ ಸೋಫಾರ್ ಚಾನೆಲ್ ಅನ್ನುತ್ತಾರೆ. ಬಹಳಷ್ಟು ಸಾಗರಗಳಲ್ಲಿ ಇದು ಸುಮಾರು 1000 ಮೀಟರ್ ಆಳದಲ್ಲಿದೆ. ನಮ್ಮ ಅರಬ್ಬಿ ಸಮುದ್ರ, ಬಂಗಾಳ ಕೊಲ್ಲಿಯಲ್ಲಿ ಇನ್ನೂ ಆಳದಲ್ಲಿ. ಧ್ರುವಗಳ ಕಡೆ ಮೇಲಿನ ನೀರೂ ತಣ್ಣಗೇ ಇರುವುದರಿಂದ ಅದು ಮೇಲ್ಮೈ ಹತ್ತಿರಕ್ಕೇ ಬಂದುಬಿಡುತ್ತದೆ.

ಇದನ್ನು ಪರೀಕ್ಷೆ ಮಾಡಿ ತೋರಿಸಿದವರು ಮಾರಿಸ್ ಯೂಯಿಂಗ್ ಮತ್ತು ಲಮಾರ್ ವೋರ್ಜೆಲ್, 1944ರಲ್ಲಿ, ಅಟ್ಲಾಂಟಿಕ್ ಸಾಗರದಲ್ಲಿ. ಒಂದು ಹಡಗಿನಿಂದ ಹೈಡ್ರೋಫೋನ್ ಆಳಕ್ಕೆ ಇಳಿಬಿಟ್ಟರು. ಹೈಡ್ರೋಫೋನ್ ಅಂದರೆ ನೀರೊಳಗಿನ ಮೈಕು. ಇನ್ನೊಂದು ಹಡಗು ದೂರ ದೂರ ಹೋಗುತ್ತಾ ನೀರೊಳಗೆ ಸಣ್ಣ ಸಣ್ಣ ಸಿಡಿಮದ್ದು ಸಿಡಿಸಿತು. ಎರಡು ಕೆಜಿಗೂ ಕಮ್ಮಿ ಮದ್ದು. 1400 ಕಿಲೋಮೀಟರಿಗೂ ಜಾಸ್ತಿ ದೂರದಲ್ಲಿ ಅದು ಸ್ಪಷ್ಟವಾಗಿ ಕೇಳಿಸಿತು. ಅದಾದ ಒಂದೆರಡು ವರ್ಷಕ್ಕೆ ಸೋವಿಯತ್ ಒಕ್ಕೂಟದ ಲಿಯೋನಿದ್ ಬ್ರೆಕೋವ್‌ಸ್ಕಿಖ್ ಜಪಾನ್ ಸಮುದ್ರದಲ್ಲಿ ಇದನ್ನೇ ತಮ್ಮಷ್ಟಕ್ಕೆ ತಾವೇ ಕಂಡುಕೊಂಡರು. ವಿಮಾನ ಕೆಟ್ಟು ಸಮುದ್ರಕ್ಕೆ ಬಿದ್ದ ಪೈಲಟ್ ಒಂದು ಸಣ್ಣ ಸಿಡಿಗುಂಡು ಬಿಟ್ಟರೆ, ಅದು ಸರಿಯಾದ ಆಳದಲ್ಲಿ ಸಿಡಿದು, ದೂರದ ಕೇಂದ್ರಗಳು ಸದ್ದು ತಲುಪಿದ ಸಮಯದ ಲೆಕ್ಕದಲ್ಲೇ ಅವನಿರುವ ಜಾಗ ಹುಡುಕಬಹುದು ಎನ್ನುವುದು ಯೂಯಿಂಗ್ ಅವರ ಆಲೋಚನೆಯಾಗಿತ್ತು.

ಆ ಸದ್ದು ದೂರದಲ್ಲಿ ಕೇಳುವ ರೀತಿಯೇ ವಿಚಿತ್ರ. ಸಿಡಿದದ್ದು ಒಂದೇ ಏಟು. ಆದರೆ ದೂರದಲ್ಲಿ ಅದು ಮೆಲ್ಲಗೆ ಶುರುವಾಗಿ, ಒಂದರ ಹಿಂದೆ ಒಂದು ಬರುತ್ತಾ, ಏರುತ್ತಾ ಏರುತ್ತಾ ಹೋಗಿ, ತಾರಕಕ್ಕೆ ಮುಟ್ಟಿದ ಕೂಡಲೇ ಪಟ್ಟನೆ ನಿಲ್ಲುತ್ತದೆ. ಕಾರಣ ಹೀಗೆ. ಚಾನೆಲ್‌ನ ನಟ್ಟನಡುವೆ ನೆಟ್ಟಗೆ ಬರುವ ಸದ್ದಿಗೆ ದಾರಿ ಹತ್ತಿರ, ಆದರೆ ಅದು ಅತಿ ನಿಧಾನದ ನೀರು. ದೊಡ್ಡದಾಗಿ ಏರಿ ಇಳಿದು ಬರುವ ಸದ್ದಿಗೆ ದಾರಿ ಉದ್ದ, ಆದರೆ ಅದು ವೇಗದ ನೀರಿನಲ್ಲಿ ಜಾಸ್ತಿ ಹೊತ್ತು ಇರುತ್ತದೆ. ಹಾಗಾಗಿ ಸುತ್ತು ಹಾಕಿ ಬಂದವೇ ಮೊದಲು ಮುಟ್ಟುತ್ತವೆ, ನೇರ ಬಂದದ್ದು ಕೊನೆಗೆ, ಎಲ್ಲಕ್ಕಿಂತ ಜೋರಾಗಿ. ನಮ್ಮ ಕೆಲಸದಲ್ಲಿ ನೇರ ಸೌಂಡು ಮೊದಲು, ಪ್ರತಿಧ್ವನಿ ಆಮೇಲೆ. ಇಲ್ಲಿ ಪೂರ್ತಿ ಉಲ್ಟಾ. ಇದನ್ನು ಕೇಳಿದ ದಿನ ನನಗೆ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಖುಷಿ.

1960ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಪರ್ತ್ ಹತ್ತಿರ ಡಯಾಮಂಟಿನಾ ಎಂಬ ಹಡಗಿನಿಂದ ಇಂಥ ಸಿಡಿಮದ್ದು ಸಿಡಿಸಿದರು, ಒಂದೊಂದೂ ಸುಮಾರು 136 ಕೆಜಿ. ಸದ್ದು ಹಿಂದೂ ಮಹಾಸಾಗರ ದಾಟಿ, ಆಫ್ರಿಕಾದ ತುದಿ ಬಳಸಿ, ಅಟ್ಲಾಂಟಿಕ್ ಹಾದು ಬರ್ಮುಡಾ ದ್ವೀಪದ ಹೈಡ್ರೋಫೋನುಗಳಲ್ಲಿ ದಾಖಲಾಯಿತು. ದೂರ ಸುಮಾರು 20,000 ಕಿಲೋಮೀಟರ್. ಅಂದರೆ ಭೂಮಿಯ ಅರ್ಧ ಸುತ್ತು. ತಗೊಂಡ ಸಮಯ 3 ಗಂಟೆ 40 ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ.

ಸೌಂಡ್ ಕೆಲಸದವರಿಗೆ ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಬಯಲಲ್ಲಿ ಒಂದು ಸ್ಪೀಕರ್ ಬಾಕ್ಸ್ ಇಟ್ಟರೆ ದೂರ ಎರಡು ಪಟ್ಟಾದಾಗಲೆಲ್ಲ ಸದ್ದಿನ ಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಸದ್ದು ಮೇಲೆ, ಕೆಳಗೆ, ಪಕ್ಕ ಎಲ್ಲಾ ಕಡೆ ಹರಡುತ್ತದಲ್ಲ, ಅದಕ್ಕೆ. ಸೋಫಾರ್ ಚಾನೆಲ್‌ನಲ್ಲಿ ಮೇಲೆ ಕೆಳಗೆ ಹೋಗದ ಹಾಗೆ ನೀರೇ ತಡೆಯುತ್ತದೆ. ಪಕ್ಕಕ್ಕೆ ಮಾತ್ರ ಹರಡಬೇಕು. ಹಾಗಾಗಿ ದೂರ ಎರಡು ಪಟ್ಟಾದರೆ ಇಳಿಯುವುದು 3 ಡೆಸಿಬೆಲ್ ಮಾತ್ರ. ಲೈನ್ ಅರೇ ತಗೊಂಡವರಿಗೆ ಈ ಅಂಕಿ ಗೊತ್ತಿರುತ್ತದೆ. ಬಾಕ್ಸುಗಳನ್ನು ಒಂದರ ಕೆಳಗೆ ಒಂದು ತೂಗುಹಾಕಿ ನಾವು ಒಂದಷ್ಟು ದೂರದವರೆಗೆ ಸಾಧಿಸುವುದೂ ಇದನ್ನೇ. ನಾವು ಲಕ್ಷಾಂತರ ಖರ್ಚು ಮಾಡಿ ಕೆಲವು ಹತ್ತು ಮೀಟರಿಗೆ ಮಾಡುವುದನ್ನು ಸಮುದ್ರ ಸಾವಿರಾರು ಕಿಲೋಮೀಟರಿಗೆ ತಾನಾಗಿಯೇ ಮಾಡುತ್ತಿದೆ.

ಇನ್ನೊಂದು ಬೇಸ್ ವಿಚಾರ, ಅಂದರೆ ತಗ್ಗಿನ ಸ್ವರಗಳದು. ಆಚೆ ಊರಿನವರಿಗೆ ನಮ್ಮ ನಾಟಕದ ಮಾತು ಕೇಳುವುದಿಲ್ಲ, ತಬಲದ ಎಡಗೈ, ರಿದಂ ಪ್ಯಾಡಿನ ಧಂ ಧಂ ಮಾತ್ರ ಕೇಳುತ್ತದೆ. ಮೇಲಿನ ಸ್ವರಗಳನ್ನು ಗಾಳಿ ಹೀರಿಕೊಳ್ಳುತ್ತದೆ, ಬೇಸನ್ನು ಬಿಟ್ಟುಬಿಡುತ್ತದೆ. ಸಮುದ್ರದ ನೀರೂ ಹಾಗೇ. 10,000 ಹರ್ಟ್ಜ್ (ಸೆಕೆಂಡಿಗೆ ಅಷ್ಟು ಕಂಪನ) ಸದ್ದು ಕಿಲೋಮೀಟರಿಗೆ ಸುಮಾರು 1 ಡೆಸಿಬೆಲ್ ಕಳೆದುಕೊಂಡರೆ, 100 ಹರ್ಟ್ಜ್ ಸದ್ದು ಸಾವಿರ ಕಿಲೋಮೀಟರಿಗೆ ಕಳೆದುಕೊಳ್ಳುವುದೇ ಅಷ್ಟು. ನೀರಿನಲ್ಲಿ ಕರಗಿರುವ ಮೆಗ್ನೀಷಿಯಂ ಸಲ್ಫೇಟ್, ಬೋರಿಕ್ ಆಮ್ಲ ಮುಖ್ಯವಾಗಿ ಈ ಹೀರುವ ಕೆಲಸ ಮಾಡುತ್ತವೆ. ಅದಕ್ಕೇ ದೂರದ ಮಾತುಕತೆ ಏನಿದ್ದರೂ ಬೇಸ್‌ನಲ್ಲೇ.

ತಿಮಿಂಗಿಲಗಳಿಗೆ ಇದು ನಮಗಿಂತ ಎಷ್ಟೋ ಮೊದಲೇ ಒಗ್ಗಿದೆ. ಫಿನ್ ತಿಮಿಂಗಿಲ ಕೂಗುವುದು 20 ಹರ್ಟ್ಜ್ ಆಸುಪಾಸಿನಲ್ಲಿ, ನಮ್ಮ ಕಿವಿಗೆ ಕೇಳಿಸುವ ಕೊನೆಯ ಮೆಟ್ಟಿಲಿನಲ್ಲಿ. ಮೊದಮೊದಲು ನೌಕಾಪಡೆಯವರ ಹೈಡ್ರೋಫೋನಿನಲ್ಲಿ ಈ ಸದ್ದು ಸಿಕ್ಕಾಗ ಅದು ಏನು ಅಂತಲೇ ಯಾರಿಗೂ ಗೊತ್ತಾಗಿರಲಿಲ್ಲ. ಜೀವಿಯ ಕೂಗು ಅಂತ ಖಚಿತವಾದದ್ದು 1960ರ ದಶಕದಲ್ಲಿ. ಆ ಕೂಗು ಸಾಗರದಲ್ಲಿ ನೂರಾರು, ಪ್ರಾಯಶಃ ಸಾವಿರಾರು ಕಿಲೋಮೀಟರ್ ತಲುಪಬಹುದು ಅಂತ 1971ರಲ್ಲಿ ರೋಜರ್ ಪೇಯ್ನ್ ಮತ್ತು ಡಗ್ಲಸ್ ವೆಬ್ ಲೆಕ್ಕ ಹಾಕಿ ತೋರಿಸಿದರು. ಆದರೆ ಅವರ ಲೆಕ್ಕದಲ್ಲೇ ಇನ್ನೊಂದು ಮಾತೂ ಇತ್ತು. ಯಂತ್ರದ ಹಡಗುಗಳು ಬರುವ ಮೊದಲಿನ ಸಮುದ್ರದಲ್ಲಿ ಆ ಕೂಗು ಇನ್ನೂ ಎಷ್ಟೋ ದೂರ ಹೋಗುತ್ತಿತ್ತು. ಸರಕು ಹಡಗುಗಳ ಸದ್ದೂ ಬೇಸ್‌ನಲ್ಲೇ ಇರುತ್ತದೆ. ಅವು ಮಾತಾಡುವ ಜಾಗದಲ್ಲೇ ನಮ್ಮ ಗದ್ದಲ. ನನಗೆ ಇದು ಬಹಳ ಕಾಡುತ್ತದೆ. ಸದ್ದು ಮಾಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಇನ್ನೊಬ್ಬರ ಕಿವಿಯ ಜಾಗ ಎಷ್ಟು ತಿನ್ನುತ್ತಿದ್ದೇನೆ ಅಂತ ಯೋಚಿಸುವುದೂ ನನ್ನ ಕೆಲಸದ ಭಾಗ ಅಂತ ನಂಬಿದ್ದೇನೆ.

ಮಾವ ಹೇಳಿದ್ದರಲ್ಲಿ ನನಗೆ ತುಂಬಾ ಇಷ್ಟವಾದದ್ದು 1991ರ ಹರ್ಡ್ ದ್ವೀಪದ ಪ್ರಯೋಗ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಯಾರೂ ವಾಸ ಮಾಡದ ದ್ವೀಪ ಅದು. ವಾಲ್ಟರ್ ಮಂಕ್ ಎಂಬ ಹಿರಿಯ ಸಾಗರ ವಿಜ್ಞಾನಿ ಅಲ್ಲಿ ಹಡಗಿನಿಂದ ನೀರೊಳಗೆ ದೊಡ್ಡ ಸ್ಪೀಕರುಗಳನ್ನು ಇಳಿಬಿಟ್ಟು ಕೆಲವು ದಿನ ಸದ್ದು ಹೊರಡಿಸಿದರು. ಆ ಚಳಿ ಸಮುದ್ರದಲ್ಲಿ ಚಾನೆಲ್ ಮೇಲೆಯೇ ಇರುವುದರಿಂದ ಸುಮಾರು 175 ಮೀಟರ್ ಇಳಿಸಿದರೆ ಸಾಕಾಯಿತು. ಸದ್ದು ಯಾವುದು ಅಂದರೆ 57 ಹರ್ಟ್ಜ್. ಯಾಕೆ 57? ಜಗತ್ತಿನ ಕರೆಂಟೆಲ್ಲ 50 ಇಲ್ಲವೇ 60 ಹರ್ಟ್ಜ್. ಹಡಗಿನ ಜನರೇಟರಿನ ಹಮ್ಮಿಂಗ್ ಜೊತೆ ಕಲಸಿಹೋಗಬಾರದು ಅಂತ ನಡುವೆ ಒಂದು ಖಾಲಿ ಜಾಗ ಹುಡುಕಿಕೊಂಡರು. ಅರ್ತಿಂಗ್ ಸರಿ ಇಲ್ಲದ ಛತ್ರದಲ್ಲಿ ಹಮ್ಮಿಂಗ್ ಜೊತೆ ಒದ್ದಾಡಿದ ಯಾರಿಗಾದರೂ ಆ 57ರ ಬೆಲೆ ಗೊತ್ತಾಗುತ್ತದೆ. ಪ್ರಯೋಗ ಶುರುವಾಗುವ ಮೊದಲು ಉಪಕರಣ ಪರೀಕ್ಷೆಗೆ ಅಂತ ಸ್ವಲ್ಪ ಹೊತ್ತು ಸದ್ದು ಬಿಟ್ಟರಂತೆ. ನಮ್ಮ "ಹಲೋ, ಮೈಕ್ ಟೆಸ್ಟಿಂಗ್" ಇದ್ದ ಹಾಗೆಯೇ. ಕೆಲವು ಗಂಟೆಗಳಲ್ಲಿ ಬರ್ಮುಡಾದಿಂದ "ನಿಮ್ಮ ಸದ್ದು ಕೇಳಿಸಿತು" ಅಂತ ಸಂದೇಶ ಬಂತು.

ಮಂಕ್ ಅವರಿಗೆ ಬೇಕಾಗಿದ್ದದ್ದು ದೂರದ ದಾಖಲೆ ಅಲ್ಲ, ಸಮುದ್ರದ ಜ್ವರ ನೋಡುವುದು. ದೂರ ಗೊತ್ತಿದೆ, ಸದ್ದು ತಲುಪಿದ ಸಮಯ ಅಳೆದರೆ ವೇಗ ಸಿಗುತ್ತದೆ. ವೇಗದಿಂದ ದಾರಿಯುದ್ದಕ್ಕೂ ನೀರಿನ ಸರಾಸರಿ ಉಷ್ಣತೆ ಸಿಗುತ್ತದೆ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಸದ್ದಿನ ವೇಗ ಸೆಕೆಂಡಿಗೆ ಸುಮಾರು 4 ಮೀಟರ್ ಏರುತ್ತದೆ. ಇಡೀ ಸಾಗರ ಕಾಯುತ್ತಿದೆಯೇ ಅಂತ ಒಂದು ಸದ್ದಿನಿಂದ ತಿಳಿಯಬಹುದು.

ಇದನ್ನು ಕೇಳಿದ ಮೇಲೆ ನಾನು ನಮ್ಮ ಡಿಲೇ ಸ್ಪೀಕರಿನ ಲೆಕ್ಕವನ್ನು ಮತ್ತೆ ಹಾಕಿದೆ. ಡಿಲೇ ಅಂದರೆ ಹಿಂದೆ ಕೂತವರಿಗೆ ಅಂತ ದೂರದಲ್ಲಿ ಇಡುವ ಸ್ಪೀಕರು, ವೇದಿಕೆಯ ಸೌಂಡು ಅಲ್ಲಿಗೆ ಮುಟ್ಟುವ ಹೊತ್ತಿಗೆ ಸರಿಯಾಗಿ ತಡ ಮಾಡಿ ಸೌಂಡು ಬಿಡುತ್ತೇವೆ. ವೇದಿಕೆಯಿಂದ 60 ಮೀಟರ್ ದೂರದಲ್ಲಿ ಡಿಲೇ ಇಟ್ಟರೆ, 34 ಡಿಗ್ರಿ ಮಧ್ಯಾಹ್ನಕ್ಕೆ ಸುಮಾರು 170 ಮಿಲಿಸೆಕೆಂಡ್ ಬೇಕು. ರಾತ್ರಿ 20 ಡಿಗ್ರಿಗೆ ಇಳಿದರೆ ಸುಮಾರು 175. ವ್ಯತ್ಯಾಸ ಚಿಕ್ಕದು, ಆದರೆ ಕಂದಪದ್ಯ ಎಳೆದು ಹಾಡುವಾಗ ಸಾಹಿತ್ಯ ಸ್ಪಷ್ಟವಾಗಿ ಬೇಕು ಅಂದರೆ ಸಂಜೆ ಒಮ್ಮೆ ತಿದ್ದುವುದು ಒಳ್ಳೆಯದು.

ಮಾವ ಮಾತು ನಿಲ್ಲಿಸಿ ಸುಮ್ಮನಾಗುವ ವಿಷಯವೂ ಒಂದಿದೆ. 2017ರ ನವೆಂಬರ್ 15ರಂದು ಅರ್ಜೆಂಟೀನಾದ ಸಾನ್ ಹುವಾನ್ ಸಬ್‌ಮರೀನ್ 44 ಜನರ ಸಮೇತ ಕಾಣೆಯಾಯಿತು. ಅಣು ಪರೀಕ್ಷೆಗಳನ್ನು ಪತ್ತೆ ಹಚ್ಚಲೆಂದು ಸಾಗರಗಳಲ್ಲಿ ಇಟ್ಟಿರುವ ಹೈಡ್ರೋಫೋನುಗಳಲ್ಲಿ, ಅಟ್ಲಾಂಟಿಕ್‌ನ ಅಸೆನ್ಷನ್ ದ್ವೀಪದ ಹತ್ತಿರ ಒಂದು, ಹಿಂದೂ ಮಹಾಸಾಗರದ ಕ್ರೋಜೆ ದ್ವೀಪಗಳ ಹತ್ತಿರ ಒಂದು, ಎರಡೂ ಕಡೆ ಒಂದು ಅಸಹಜ ಸದ್ದು ದಾಖಲಾಗಿತ್ತು. ಸಾವಿರಾರು ಕಿಲೋಮೀಟರ್ ಆಚೆಯ ಸದ್ದು. ಆ ಎರಡು ದಾಖಲೆಯ ಸಮಯ ಹೊಂದಿಸಿ ಹುಡುಕುವ ಜಾಗ ಗುರುತಿಸಿದರು. ಒಂದು ವರ್ಷದ ಮೇಲೆ 900 ಮೀಟರಿಗೂ ಆಳದಲ್ಲಿ ಅವಶೇಷ ಸಿಕ್ಕಿತು. ಪೈಲಟ್‌ಗಳನ್ನು ಉಳಿಸಲು ಅಂತ ಯೂಯಿಂಗ್ ಯೋಚಿಸಿದ್ದ ದಾರಿಯಲ್ಲೇ ಆ ಮನೆಗಳಿಗೆ ಉತ್ತರ ಸಿಕ್ಕಿತು. "ಉಳಿಸೋಕಾಗಲಿಲ್ಲ. ಆದ್ರೆ ಎಲ್ಲಿದ್ದಾರೆ ಅಂತ ಮನೆಯವರಿಗೆ ಗೊತ್ತಾಯ್ತಲ್ಲ" ಅಂದರು ಮಾವ.

ಈಗ ನಮ್ಮ ಕೆಲಸಕ್ಕೆ ಬರುತ್ತೇನೆ. ಬಯಲು ಕಾರ್ಯಕ್ರಮ ಇದ್ದರೆ ನಾವು ಎರಡು ಥರ್ಮಾಮೀಟರ್ ಕಟ್ಟುತ್ತೇವೆ. ಒಂದು ನೆಲದಿಂದ ಒಂದು ಅಡಿ ಮೇಲೆ, ಇನ್ನೊಂದು ಟ್ರಸ್ಸಿನ (ಸ್ಪೀಕರ್ ತೂಗುಹಾಕುವ ಲೋಹದ ಚೌಕಟ್ಟು) ತುದಿಯಲ್ಲಿ. ಎರಡಕ್ಕೂ ಬಿಸಿಲು ತಾಗದ ಹಾಗೆ ಥರ್ಮಾಕೋಲ್ ಮರೆ. ಹುಡುಗರಿಗೆ ಹೇಳಿರುವುದು ಒಂದೇ ಮಾತು. ಕೆಳಗಿನದು ಜಾಸ್ತಿ ಇರುವವರೆಗೆ ಹಗಲಿನ ಸೆಟ್ಟಿಂಗ್. ಕೆಳಗಿನದು ಮೇಲಿನದಕ್ಕಿಂತ ಇಳಿಯಿತೋ, ರಾತ್ರಿ ಸೆಟ್ಟಿಂಗ್. ಗಡಿಯಾರ ನೋಡಬೇಡಿ, ಅದನ್ನು ನೋಡಿ. ಮೋಡ ಮುಚ್ಚಿದ ದಿನ ಈ ಬದಲಾವಣೆ ಸರಿಯಾಗಿ ಆಗುವುದೇ ಇಲ್ಲ. ಮಾಘ ಮಾಸದ ತಿಳಿ ಆಕಾಶದ ದಿನ ಸೂರ್ಯ ಮುಳುಗುವ ಹೊತ್ತಿಗೇ ಆಗಿಬಿಡುತ್ತದೆ.

ಹಗಲಿನ ಸೆಟ್ಟಿಂಗ್‌ನಲ್ಲಿ ಮುಖ್ಯ ಸ್ಪೀಕರಿಗೆ ಪವರ್ ಏರಿಸುವುದಿಲ್ಲ. 10 ಡೆಸಿಬೆಲ್ ಜಾಸ್ತಿ ಬೇಕೆಂದರೆ ಹತ್ತು ಪಟ್ಟು ಪವರ್ ಬೇಕು, ಅಷ್ಟು ಕೊಟ್ಟರೂ ನೆರಳಿನಲ್ಲಿ ನಿಂತವನಿಗೆ ಪ್ರಯೋಜನ ಕಮ್ಮಿ, ಮುಂದೆ ಕೂತ ಅಜ್ಜಿಯರ ಕಿವಿ ಮಾತ್ರ ಹಾಳು. ಅದರ ಬದಲು ಸ್ಪೀಕರ್ ಎತ್ತರಕ್ಕೆ ಕಟ್ಟಿ ಕೆಳಕ್ಕೆ ಬಾಗಿಸುತ್ತೇವೆ, ಹಿಂದೆ ಟೀ ಅಂಗಡಿ ಹತ್ತಿರ ಎರಡು ಸಣ್ಣ ಡಿಲೇ ಇಡುತ್ತೇವೆ. ರಾತ್ರಿ ಸೆಟ್ಟಿಂಗ್‌ಗೆ ಬಂದಾಗ ಆ ಹಿಂದಿನ ಡಿಲೇ ಮೊದಲು ಆಫ್. ಮೇಲಿನ ಬಾಕ್ಸಿನ ಲೆವೆಲ್ ಇಳಿಸುತ್ತೇವೆ. ಸಬ್‌ಗಳಲ್ಲಿ, ಅಂದರೆ ಬೇಸ್ ಸ್ಪೀಕರುಗಳಲ್ಲಿ, ಒಂದನ್ನು ಹಿಂದಕ್ಕೆ ತಿರುಗಿಸಿ, ಫೇಸ್ (ಅಲೆಯ ಏರಿಳಿತ) ಉಲ್ಟಾ ಮಾಡಿ, ಸ್ವಲ್ಪ ತಡ ಕೊಟ್ಟರೆ ವೇದಿಕೆ ಹಿಂದಿನ ಕಡೆಗೆ ಬೇಸ್ ಬಹಳ ಇಳಿಯುತ್ತದೆ. ಸಾಧ್ಯವಾದರೆ ಆ ಕಡೆಗೇ ಊರು ಬರುವಂತೆ ವೇದಿಕೆ ಹಾಕಿಸುತ್ತೇವೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂಬ ಮಿತಿ ಕಾನೂನಿನಲ್ಲಿದೆ. ಹತ್ತು ಗಂಟೆ ಆಗುವವರೆಗೂ ಆಚೆ ಊರಿನವರನ್ನು ನೆನಪಿಟ್ಟುಕೊಂಡರೆ ಆ ಮಿತಿಯ ಹತ್ತಿರ ಇರುವುದು ಸುಲಭ.

ಕಮಿಟಿಯವರಿಗೆ ಇದನ್ನು ಒಪ್ಪಿಸುವುದು ಮಾತ್ರ ಇನ್ನೂ ಕಷ್ಟ. "ರಾತ್ರಿ ಹೊತ್ತಲ್ಲೇ ಜನ ಜಾಸ್ತಿ, ಆಗಲೇ ಕಮ್ಮಿ ಮಾಡ್ತೀರಲ್ಲ" ಅನ್ನುತ್ತಾರೆ. ಆಗ ಅವರಲ್ಲಿ ಒಬ್ಬರನ್ನು ಬೈಕಿನಲ್ಲಿ ಕೆರೆ ಆಚೆಗೆ ಕಳಿಸಿ ಅಲ್ಲಿಂದ ಫೋನ್ ಮಾಡಿಸುತ್ತೇನೆ. ಅವರ ಕಿವಿಯಲ್ಲೇ ಕೇಳಿ ಬಂದರೆ ವಾದ ಅಲ್ಲಿಗೇ ಮುಗಿಯುತ್ತದೆ. ಈಗ ಮಾವ ಮೂರನೇ ಥರ್ಮಾಮೀಟರ್ ಒಂದನ್ನು ಕೆರೆ ಏರಿಯ ಕೆಳಗೆ, ಗದ್ದೆ ಬಯಲಲ್ಲಿ ಕಟ್ಟೋಣ ಅಂತಿದ್ದಾರೆ. ತಗ್ಗಿನಲ್ಲಿ ತಂಪು ಗಾಳಿ ಮೊದಲು ನಿಲ್ಲುತ್ತದೆ, ಮೈದಾನದಲ್ಲಿ ಬದಲಾಗುವ ಮುಂಚೆಯೇ ಅಲ್ಲಿ ಸುದ್ದಿ ಸಿಗುತ್ತದೆ ಎನ್ನುವುದು ಅವರ ಲೆಕ್ಕ. ಮುಂದಿನ ನಾಟಕ ಗುಬ್ಬಿ ಹತ್ತಿರ ಇದೆ, ಅಲ್ಲಿ ಕಟ್ಟಿ ನೋಡುತ್ತೇವೆ.